ಹಳೆಯ ಸಿಮೆಂಟ್ ಪತ್ರಾ: ಒಡೆಯುವ ಮುನ್ನ ಯೋಚಿಸಿ



ಮಿರಗದ ಮಳೆ ಬೀಳುವ ಮುನ್ನ ಮನೆ, ಕೊಟ್ಟಿಗೆಗಳ ಹೊದಿಕೆ ಸರಿಪಡಿಸಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ನಿರ್ಣಾ ಸೇರಿದಂತೆ ಹುಮನಾಬಾದ್, ಬಸವಕಲ್ಯಾಣ ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಬದಲು ಸಿಮೆಂಟ್ ಪತ್ರಾ ಹೊದಿಸಿದ ಕೊಟ್ಟಿಗೆ, ಗಿರಣಿ, ಹೊಲದ ಶೆಡ್ಡುಗಳು ಬೇಕಾದಷ್ಟಿವೆ. ಆಲಿಕಲ್ಲಿಗೆ, ಬಿರುಗಾಳಿಗೆ ಇವು ಒಡೆಯುತ್ತವೆ. ಒಡೆದುದನ್ನು ತೆಗೆಯುವ ರೀತಿಯ ಬಗ್ಗೆ ಮಾತ್ರ ನಾವು ಯೋಚಿಸುವುದಿಲ್ಲ.

ಹಳೆಯ ಸಿಮೆಂಟ್ ಪತ್ರಾಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 10 ಭಾಗ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಇದು ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಖನಿಜ. ನಮ್ಮ ರಾಜ್ಯದ ಹೊಳೆನರಸೀಪುರ ಭಾಗದಲ್ಲಿಯೂ ಇದರ ನಿಕ್ಷೇಪವಿದೆ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಆದರೆ ಈ ಗುಣವೇ ದೇಹದೊಳಗೆ ಶತ್ರು. ಕಣ್ಣಿಗೆ ಕಾಣದ ಎಳೆ ಶ್ವಾಸಕೋಶ ಸೇರಿದರೆ ಅಲ್ಲಿಯೇ ಉಳಿದುಬಿಡಬಹುದು. ಶ್ವಾಸಕೋಶ ಗಟ್ಟಿಯಾಗುವ ರೋಗ, ಶ್ವಾಸಕೋಶದ ಕ್ಯಾನ್ಸರ್, ಅದರ ಪೊರೆಯ ಕ್ಯಾನ್ಸರ್ ಇದರಿಂದ ಬರುತ್ತವೆ. ಬೀಡಿ ಸೇದುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು.

“ಇಷ್ಟು ವರ್ಷ ಇದರಡಿಯೇ ಮಲಗಿದ್ದೇವೆ, ಏನೂ ಆಗಿಲ್ಲ” ಎನ್ನುವವರಿದ್ದಾರೆ. ಪತ್ರಾ ಇಡಿಯಾಗಿ ಇರುವಾಗ ನಾರು ಸಿಮೆಂಟಿನ ಹಿಡಿತದಲ್ಲಿರುತ್ತದೆ. ಆಗ ಭಯ ಕಡಿಮೆ. ಆದುದರಿಂದ ಗಟ್ಟಿಯಾಗಿರುವ ಪತ್ರಾವನ್ನು ಹೆದರಿ ಕೀಳಬೇಕಾಗಿಲ್ಲ. ಗರಗಸ ಹಾಕಿದಾಗ, ತೂತು ಕೊರೆದಾಗ, ಸುತ್ತಿಗೆಯಿಂದ ಒಡೆದಾಗ, ಪಾಚಿ ಕೆರೆದಾಗ ಧೂಳಿನೊಡನೆ ಎಳೆ ಹಾರುತ್ತದೆ. ರೋಗ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಬೇಕಾಗಬಹುದು. ಇಂದು ಒಡೆದವನು ಮುಂದೆ ಕೆಮ್ಮುವಾಗ ಈ ದಿನದ ಕೆಲಸ ಯಾರ ನೆನಪಿನಲ್ಲಿಯೂ ಇರುವುದಿಲ್ಲ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ನಿಮ್ಮ ಶೆಡ್ಡು ಬಿಚ್ಚಲು ಬರುವ ದಿನಗೂಲಿಯವನಿಗೆ ಯಾವ ದಾಖಲೆಯಿದೆ? ಅವನಿಗೆ ಅಪಾಯ ತಿಳಿಸಿ, ರಕ್ಷಣೆ ಕೊಡಿಸುವ ಹೊಣೆ ಕೆಲಸ ಹೇಳಿದ ಮಾಲೀಕನದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಪತ್ರಾ ತೆಗೆಯಲೇಬೇಕಾದಾಗ ಹೀಗೆ ಮಾಡಿರಿ:

1. ನೋಡಿದ ಮಾತ್ರಕ್ಕೆ ಕಲ್ನಾರು ಇದೆಯೋ ಇಲ್ಲವೋ ತಿಳಿಯದು. ಹಳೆಯದೆಲ್ಲ ಕಲ್ನಾರಿನದೆಂದೇ ತಿಳಿಯಿರಿ.
2. ಮಕ್ಕಳನ್ನು, ದನಕರುಗಳನ್ನು ದೂರವಿಡಿ. ಮೇವು, ಕಾಳು, ನೀರಿನ ತೊಟ್ಟಿಗಳನ್ನು ಮುಚ್ಚಿ.
3. ಪತ್ರಾವನ್ನು ನೀರು ಚಿಮುಕಿಸಿ ತೋಯಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ. ಮೇಲಿನಿಂದ ಎಸೆಯಬೇಡಿ.
4. ಪತ್ರಾದ ಮೇಲೆ ಕಾಲಿಡಬೇಡಿ. ಹಳೆಯದು ಮುರಿದು ಬಿದ್ದರೆ ಪ್ರಾಣಕ್ಕೇ ಸಂಚಕಾರ.
5. ಮೂಗಿಗೆ ಕಟ್ಟಿದ ಟವೆಲು ಈ ಎಳೆಯನ್ನು ತಡೆಯದು. ಸೂಕ್ಷ್ಮ ಧೂಳು ಸೋಸುವ ಮುಖವಾಡ ಬೇಕು.
6. ಬಿದ್ದ ಪುಡಿಯನ್ನು ಒಣಗಿದಂತೆಯೇ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ತುಂಡು, ಪುಡಿ, ಒರೆಸಿದ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಗುರುತು ಹಾಕಿ. ತೊಟ್ಟ ಬಟ್ಟೆ ಬೇರೆಯಾಗಿ ಒಗೆದು ಸ್ನಾನ ಮಾಡಿ.

ಒಡೆದ ಚೂರುಗಳನ್ನು ಗಾಡಿ ದಾರಿಯ ತಗ್ಗಿಗೆ, ಕಣದ ಅಂಚಿಗೆ ತುಂಬುವುದು ದೊಡ್ಡ ತಪ್ಪು. ಗಾಲಿ ಉರುಳಿದಂತೆಲ್ಲ ಅವು ಹಿಟ್ಟಾಗುತ್ತವೆ. ತೊಗರಿ ರಾಶಿ ಮಾಡುವ ಹೆಂಗಸರು ಆ ಧೂಳನ್ನೇ ಉಸಿರಾಡುತ್ತಾರೆ. ಹೊರದೇಶದ ಕಲ್ನಾರಿನ ತ್ಯಾಜ್ಯ ಭಾರತಕ್ಕೆ ಬರಬಾರದೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತಡೆದಿವೆ. ಪರದೇಶದ ಕಸ ಬೇಡವೆಂದ ಮೇಲೆ ನಮ್ಮದೇ ಕಸವನ್ನು ಹಳ್ಳದ ದಂಡೆಗೆ ಸುರಿಯುವುದು ಯಾವ ನ್ಯಾಯ? ಇದು ಒಬ್ಬ ರೈತನಿಂದ ಬಗೆಹರಿಯುವ ಮಾತಲ್ಲ. ಒಡೆದ ಪತ್ರಾ ಕೂಡಿಡಲು ಬೇಲಿ ಹಾಕಿದ ಜಾಗ, ಅಲ್ಲಿಂದ ನಿಯಮದಂತೆ ಸಾಗಿಸುವ ವ್ಯವಸ್ಥೆ ಆಗಬೇಕೆಂದು ಗ್ರಾಮಸಭೆಯಲ್ಲಿ ಕೇಳಿರಿ. ಶಾಲೆ, ಗೋದಾಮುಗಳ ಹಳೆಯ ಹೊದಿಕೆಯ ಮಾತನ್ನೂ ಅಲ್ಲಿಯೇ ಎತ್ತಿರಿ.

ಹೊಸ ಶೆಡ್ಡು ಕಟ್ಟುವವರು ಮಂಗಳೂರು ಹೆಂಚು, ಸತುವಿನ ಲೇಪದ ಕಬ್ಬಿಣದ ತಗಡು ಅಥವಾ ಕಲ್ನಾರಿಲ್ಲದ ಹಾಳೆಯನ್ನು ಆರಿಸಿಕೊಳ್ಳಲಿ. ಖರ್ಚು ತುಸು ಹೆಚ್ಚಾದರೂ ಕೂಲಿಯವನ ಎದೆಯ ಮೇಲೆ ಸಾಲ ಬರೆದಂತಾಗುವುದಿಲ್ಲ.