ಇನ್ಸುಲಿನ್ ಎಲ್ಲಿಟ್ಟಿದ್ದೀರಿ?

ಮಳೆ ಹಿಡಿಯಿತೆಂದರೆ ಬಾಳಗಡಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ಕರೆಂಟಿನದ್ದು. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನ ಕತ್ತಲೆ. ಫ್ರಿಜ್ಜಿನಲ್ಲಿದ್ದ ಮೀನು, ಮಾಂಸವನ್ನು ಬೇಗ ಬೇಯಿಸಿ ಮುಗಿಸುತ್ತೇವೆ. ಆದರೆ ಅದೇ ಫ್ರಿಜ್ಜಿನಲ್ಲಿ ಉಮ್ಮನದ್ದೋ ಅಜ್ಜನದ್ದೋ ಇನ್ಸುಲಿನ್ ಇದ್ದರೆ ಏನು ಮಾಡಬೇಕು ಅಂತ ಕೇಳಿದರೆ ಮನೆಯಲ್ಲಿ ತಲೆಗೊಂದು ಮಾತು. ಒಬ್ಬರು "ಹಾಳಾಯ್ತು, ಬಿಸಾಡಿ" ಅನ್ನುತ್ತಾರೆ. ಇನ್ನೊಬ್ಬರು "ಐಸಿನೊಳಗೆ ಹೂತಿಡಿ" ಅನ್ನುತ್ತಾರೆ. ಎರಡೂ ತಪ್ಪು. ಎರಡನೆಯದ್ದಂತೂ ದೊಡ್ಡ ತಪ್ಪು.

ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಶುಗರ್ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ನಮ್ಮ ಬ್ಯಾರಿ ಮನೆಗಳು ಇದಕ್ಕೆ ಹೊರತಲ್ಲ. ಮಾತ್ರೆ ನುಂಗುವವರ ಜೊತೆ ದಿನಾ ಸೂಜಿ ಚುಚ್ಚಿಕೊಳ್ಳುವವರೂ ಇದ್ದಾರೆ. ಎಷ್ಟು ಯೂನಿಟ್, ಊಟಕ್ಕೆ ಎಷ್ಟು ಹೊತ್ತು ಮೊದಲು ಅಂತ ಡಾಕ್ಟರ್ ಹೇಳಿದ್ದನ್ನು ಪಾಲಿಸುತ್ತೇವೆ. ಮದ್ದನ್ನು ಎಲ್ಲಿ ಇಡಬೇಕು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಇನ್ಸುಲಿನ್ ಒಂದು ಪ್ರೋಟೀನ್. ಬಳಸಲು ಶುರು ಮಾಡದ ಬಾಟಲಿ ಅಥವಾ ಪೆನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಅತಿ ಬಿಸಿಯಲ್ಲಿ ಅದು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಒಮ್ಮೆ ಹೆಪ್ಪುಗಟ್ಟಿದರೆ ಕಥೆ ಮುಗಿಯಿತು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಕೆಲಸ ಮಾಡುತ್ತದೆಂಬ ಭರವಸೆ ಇಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಎಷ್ಟೇ ದುಬಾರಿಯದ್ದಾದರೂ ಬಿಸಾಡಲೇಬೇಕು.

ಇಲ್ಲಿರುವ ಅಪಾಯ ಬರೀ ದುಡ್ಡು ಹೋಗುವುದಲ್ಲ. ಶಕ್ತಿ ಹೋದ ಮದ್ದನ್ನು ಚುಚ್ಚಿಕೊಂಡವರ ಶುಗರ್ ಏರುತ್ತದೆ. "ಇಂಜೆಕ್ಷನ್ ತಪ್ಪಿಸಿಲ್ಲ ಡಾಕ್ಟ್ರೇ" ಅಂತ ಅವರು ಹೇಳುವುದು ನಿಜವೇ. ಡಾಕ್ಟರ್ ಯೂನಿಟ್ ಏರಿಸುತ್ತಾರೆ. ಮನೆಯವರು "ಉಮ್ಮ ಕದ್ದು ಸಿಹಿ ತಿಂದಿರಬೇಕು" ಅಂತ ಗದರುತ್ತಾರೆ. ಆಮೇಲೆ ಹೊಸ ಬಾಟಲಿ ಬರುತ್ತದೆ. ಅದು ಸರಿಯಾಗಿರುವ ಮದ್ದು, ಆದರೆ ಯೂನಿಟ್ ಮಾತ್ರ ಏರಿಸಿದ್ದೇ ಉಳಿದಿದೆ. ಆಗ ಶುಗರ್ ಒಮ್ಮೆಲೇ ಕೆಳಗೆ ಬೀಳುತ್ತದೆ: ಬೆವರು, ನಡುಕ, ತಲೆಸುತ್ತು, ಕೊನೆಗೆ ಪ್ರಜ್ಞೆ ತಪ್ಪುವುದು. ರಾತ್ರಿ ಹೊತ್ತು, ಮಳೆ, ಒಳಗಿನ ರಸ್ತೆಯ ಮನೆ ಆಗಿದ್ದರೆ ಇದು ಜೀವದ ಪ್ರಶ್ನೆ. ಅದಕ್ಕೇ ನಾನು ಹೇಳುವುದು, ಮದ್ದು ಇಡುವ ಜಾಗವೂ ಡೋಸಿನ ಒಂದು ಭಾಗ.

ನಮ್ಮ ಮನೆಗಳಲ್ಲಿ ಹೆಪ್ಪುಗಟ್ಟುವುದು ಹೇಗೆ? ಬಹಳ ಕಡೆ ಇರುವುದು ಒಂದೇ ಬಾಗಿಲಿನ ಫ್ರಿಜ್. ಮೇಲೆ ಫ್ರೀಝರ್, ಅದರ ಕೆಳಗೆ ಒಂದು ಟ್ರೇ. "ತಂಪಲ್ಲಿಡಿ" ಅಂದರೆ ಹೆಚ್ಚು ತಂಪಿದ್ದಷ್ಟೂ ಒಳ್ಳೆಯದು ಅಂದುಕೊಂಡು ಆ ಟ್ರೇಯಲ್ಲೇ ಇಡುತ್ತೇವೆ. ಅಲ್ಲಿ ಹಾಲಿನ ಪ್ಯಾಕೆಟ್ಟೇ ಗಟ್ಟಿಯಾಗುತ್ತದೆ, ಇನ್ಸುಲಿನ್ ಉಳಿಯುತ್ತದೆಯೇ? ಬಕ್ರೀದ್ ದಿನಗಳಲ್ಲಂತೂ ಇದು ಇನ್ನೂ ಕಷ್ಟ. 2023ರಲ್ಲಿ ಜೂನ್ ಕೊನೆಗೆ, 2024ರಲ್ಲಿ ಜೂನ್ ಮಧ್ಯಕ್ಕೆ, 2025ರಲ್ಲಿ ಜೂನ್ 7ಕ್ಕೆ ಹಬ್ಬ ಬಂತು. ಕುರ್ಬಾನಿ ಮಾಂಸದಿಂದ ಫ್ರೀಝರ್ ತುಂಬಿ, ಟ್ರೇ ತುಂಬಿ, ಫ್ರಿಜ್ಜನ್ನು ಕೊನೆಯ ನಂಬರಿಗೆ ತಿರುಗಿಸಿಡುತ್ತೇವೆ. ಸಣ್ಣ ಮದ್ದಿನ ಪೆಟ್ಟಿಗೆ ಹಿಂದಿನ ಗೋಡೆಗೆ ಒತ್ತಿಕೊಂಡು ಹೋಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ, ಮೇಲೆ ಹೆಸರು, ಜಾಗ ನಡುವಿನ ತಟ್ಟೆ, ಹಿಂದಿನ ಗೋಡೆಗೆ ತಾಗದಂತೆ ಮುಂದಕ್ಕೆ. ಬಾಗಿಲು ತೆರೆದು ಮುಚ್ಚುವಾಗ ಬಿಸಿಯಾಗುವುದರಿಂದ ಬಾಗಿಲಿನ ತಟ್ಟೆ ಅಷ್ಟು ಒಳ್ಳೆಯದಲ್ಲ, ಆದರೂ ಫ್ರೀಝರ್ ಪಕ್ಕಕ್ಕಿಂತ ಎಷ್ಟೋ ಮೇಲು. ಬಳಸಲು ಶುರು ಮಾಡಿದ ಬಾಟಲಿ, ಪೆನ್ನಿಗೆ ಫ್ರಿಜ್ ಬೇಕೆಂದೇ ಇಲ್ಲ. ಬಿಸಿಲು, ಒಲೆ ದೂರವಿರುವ ತಂಪು ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಇಡಬಹುದು. ಕೆಲವಕ್ಕೆ ಇನ್ನೂ ಹೆಚ್ಚು, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ತೆರೆದ ತಾರೀಕನ್ನು ಬಾಟಲಿ ಮೇಲೆ ಬರೆಯಿರಿ. ನೀರಿನಂತೆ ತಿಳಿಯಾಗಿರಬೇಕಾದದ್ದು ಮಬ್ಬಾದರೆ, ಹಾಲಿನಂತಿರುವುದು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿದ ಮೇಲೂ ಗಂಟು ಗಂಟಾಗಿ ಉಳಿದರೆ ಬಳಸಬೇಡಿ.

ಇನ್ನು ಕರೆಂಟ್ ಹೋದ ದಿನದ ಮಾತು. ಫ್ರಿಜ್ ಬಾಗಿಲು ಪದೇ ಪದೇ ತೆರೆಯದಿದ್ದರೆ ನಾಲ್ಕು ಗಂಟೆಯಷ್ಟು ತಂಪು ಒಳಗೇ ಇರುತ್ತದೆ. ಅದು ಹೋದರೂ ಜುಲೈ ಮಳೆಯಲ್ಲಿ ಮಲೆನಾಡಿನ ಮನೆಯೊಳಗೆ ಎಷ್ಟು ಬಿಸಿ ಇರುತ್ತದೆ? ಕಂಬಳಿ ಹೊದೆಯುವ ಹವೆ ಅದು. ಹಾಗೆ ಬೆಚ್ಚಗಾದ ಹೊಸ ಬಾಟಲಿಯನ್ನು ಬಿಸಾಡಬೇಕಿಲ್ಲ. ಅವತ್ತಿನಿಂದ ಅದನ್ನು ತೆರೆದ ಬಾಟಲಿ ಅಂತಲೇ ಲೆಕ್ಕ ಹಾಕಿ, ಚೀಟಿಯಲ್ಲಿ ಹೇಳಿದ ದಿನದೊಳಗೆ ಬಳಸಿ ಮುಗಿಸಿದರೆ ಆಯಿತು. ಎಂಎಸ್‌ಎಫ್ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೀನ್ಯಾದ ಒಂದು ನಿರಾಶ್ರಿತರ ಶಿಬಿರದ ಹವೆಯನ್ನು ಅಳೆದು, ಅದೇ 25ರಿಂದ 37 ಡಿಗ್ರಿ ಏರಿಳಿತದಲ್ಲಿ ನಾಲ್ಕು ವಾರ ಇನ್ಸುಲಿನ್ ಇಟ್ಟು ನೋಡಿದರು. ಫ್ರಿಜ್ಜಿನಲ್ಲಿಟ್ಟದ್ದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2021ರಲ್ಲಿ ವರದಿ ಮಾಡಿದರು. ಹಾಗಂತ ಫ್ರಿಜ್ ಬೇಡ ಎಂದಲ್ಲ. ಕರೆಂಟ್ ಹೋಯಿತೆಂದು ಇಂಜೆಕ್ಷನ್ ತಪ್ಪಿಸಬೇಡಿ ಎಂದಷ್ಟೇ ಇದರ ಅರ್ಥ.

ಬೇಸಿಗೆಯಲ್ಲಿ ಲೆಕ್ಕ ಬೇರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕರೆಂಟ್ ಕೈಕೊಟ್ಟರೆ ಅಜ್ಜಿಯ ಕಾಲದ ಮಣ್ಣಿನ ಮಡಕೆ ಉಪಯೋಗಕ್ಕೆ ಬರುತ್ತದೆ. ದೊಡ್ಡ ಮಡಕೆಯೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಒಳಗೆ ನೀರು ತಾಗದಂತೆ ಡಬ್ಬಿಯಲ್ಲಿ ಮದ್ದು. ನೀರು ಆರುವಾಗ ತಂಪಾಗುತ್ತದೆ. ಮಳೆಗಾಲದಲ್ಲಿ ಹವೆಯೇ ಒದ್ದೆ, ಮಡಕೆ ಆರುವುದಿಲ್ಲ, ಆಗ ಅದರ ಅಗತ್ಯವೂ ಇಲ್ಲ.

ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ ಕಾರ್ಕಳ, ಎಸ್.ಕೆ.ಬಾರ್ಡರ್ ದಾರಿಯಲ್ಲೋ ಆಗುಂಬೆ ಘಾಟಿಯಲ್ಲೋ ಬರುವವರು ಮದ್ದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಡಿಕ್ಕಿಯೊಳಗೆ ಇಡಬೇಡಿ. ಊಟಕ್ಕೆ ಇಳಿದಾಗ ಬಿಸಿಲಲ್ಲಿ ನಿಂತ ಕಾರು ಒಲೆಯಂತಾಗುತ್ತದೆ. ಐಸ್ ಪ್ಯಾಕ್ ಕೊಟ್ಟರೆ ಬಟ್ಟೆ ಸುತ್ತಿ, ಮದ್ದಿಗೆ ನೇರ ತಾಗದಂತೆ ಇಡಿ. ಗಲ್ಫಿನಿಂದ ಬರುವವರು ಇನ್ಸುಲಿನ್ ಕೈಚೀಲದಲ್ಲೇ ತನ್ನಿ, ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಅದು ಹೆಪ್ಪುಗಟ್ಟಬಹುದು. ಡಯಾಲಿಸಿಸ್ ಮಾಡಿಸುವವರಿಗೆ ರಕ್ತ ಹೆಚ್ಚಿಸಲು ಕೊಡುವ ಇಂಜೆಕ್ಷನ್ನಿಗೂ 2ರಿಂದ 8 ಡಿಗ್ರಿಯೇ ಬೇಕು, ಅದೂ ಹೆಪ್ಪುಗಟ್ಟಬಾರದು, ಕುಲುಕಬಾರದು. ಆದರೆ ಹೊರಗೆ ಉಳಿದರೆ ಅದರ ದಿನದ ಲೆಕ್ಕ ಇನ್ಸುಲಿನ್‌ನಂತಲ್ಲ, ಕೊಟ್ಟವರನ್ನೇ ಕೇಳಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ಜಿನ ಡಿಗ್ರಿಯನ್ನು ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮ ಇದೆ. ಇನ್ಸುಲಿನ್ನಿಗೂ ಬೇಕಾದದ್ದು ಅದೇ 2ರಿಂದ 8 ಡಿಗ್ರಿ. ಆದರೆ ಮೆಡಿಕಲ್‌ನಿಂದ ನಮ್ಮ ಅಡುಗೆಮನೆಯವರೆಗಿನ ದಾರಿಯನ್ನು ನೋಡುವವರು ಯಾರೂ ಇಲ್ಲ. ಎಲ್ಲ ಭಾರ ಮನೆಯ ಹೆಂಗಸರ ಮೇಲೆ. ಅವರಿಗೆ ಒಂದು ಮಾತು ಹೇಳಿಕೊಟ್ಟವರೂ ಇಲ್ಲ.

ಇದು ಬದಲಾಗಬೇಕು. ಯೂನಿಟ್ ಏರಿಸುವ ಮೊದಲು ಡಾಕ್ಟರ್ "ಎಲ್ಲಿಟ್ಟಿದ್ದೀರಿ" ಅಂತ ಕೇಳಲಿ. ಅವರು ಕೇಳದಿದ್ದರೆ ನಾವೇ ಹೇಳೋಣ. ಮೆಡಿಕಲ್‌ನವರು ಬರೀ ಕಾಗದದ ಕವರಿಗೆ ಹಾಕಿ ಕೊಡದೆ ತಂಪು ಪ್ಯಾಕ್ ಜೊತೆ, ಎರಡು ಮಾತು ಹೇಳಿ ಕೊಡಲಿ. ನಮ್ಮ ಜಮಾಅತ್‌ಗಳು, ಯುವಕರ ಸಂಘಗಳು ಶುಗರ್ ತಪಾಸಣೆಯ ಶಿಬಿರ ಮಾಡುವುದು ಒಳ್ಳೆಯ ಕೆಲಸ. ಅಲ್ಲೇ ಒಂದು ಫ್ರಿಜ್ ಥರ್ಮಾಮೀಟರ್ ತೋರಿಸಿ, ಹೆಂಗಸರನ್ನೂ ಕೂರಿಸಿ, ಹತ್ತು ನಿಮಿಷ ಇದನ್ನು ಹೇಳಿಕೊಡಲಿ. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಮುಂದಿನ ವಿಡಿಯೋ ಕಾಲಿನಲ್ಲಿ "ಮದ್ದು ತಗೊಂಡ್ರಾ ಉಮ್ಮ" ಅಂತ ಕೇಳುವುದರ ಜೊತೆ "ಫ್ರಿಜ್ ಒಮ್ಮೆ ತೋರಿಸಿ" ಅಂತಲೂ ಹೇಳಲಿ.