ಗಡಿಯಾರಕ್ಕೆ ಕಾದವರು



ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಸಣ್ಣ ದ್ವೀಪವಿದೆ. ಅಲ್ಲಿ ರೋಜರ್ ಸ್ಮಿತ್ ಎಂಬವರು ಕೆಲವೇ ಮಂದಿ ಕೆಲಸಗಾರರೊಡನೆ ಕೈಯಿಂದ ಗಡಿಯಾರ ಮಾಡುತ್ತಾರೆ. ವರ್ಷಕ್ಕೆ ಎರಡು ಡಜನ್ ಕೂಡ ಆಗುವುದಿಲ್ಲ. ಬೇಕೆಂದವರು ವರ್ಷಗಟ್ಟಲೆ ಕಾಯಬೇಕು. ಹಣವಂತರೇ ಆದರೂ ಕಾಯುತ್ತಾರೆ.

ಸ್ಮಿತ್ ಅವರ ಗುರು ಜಾರ್ಜ್ ಡೇನಿಯಲ್ಸ್. 1926ರಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಹದಿನಾಲ್ಕರ ಪ್ರಾಯಕ್ಕೇ ಹಾಸಿಗೆ ಕಾರ್ಖಾನೆಯಲ್ಲಿ ದುಡಿದವರು. ಮುಂದೆ ಗಡಿಯಾರದ ಹೆಚ್ಚುಕಡಿಮೆ ಎಲ್ಲ ಭಾಗಗಳನ್ನೂ ಸ್ವಂತ ಕೈಯಿಂದ ಮಾಡಲು ಕಲಿತರು. ತರುಣ ಸ್ಮಿತ್ ತಾನು ಮಾಡಿದ ಮೊದಲ ಗಡಿಯಾರವನ್ನು ತೋರಿಸಲು ಹೋದಾಗ, ಇದು ಸಾಲದು, ಮತ್ತೆ ಮಾಡು ಎಂದು ಹಿಂದಕ್ಕೆ ಕಳುಹಿಸಿದರು. ಎರಡನೆಯದಕ್ಕೆ ಐದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಮಾಡಿದ್ದನ್ನು ಕಿತ್ತು ಮತ್ತೆ ಮಾಡಿದರಂತೆ! ಆಗ ಗುರುಗಳು ಒಪ್ಪಿದರು.

ನಮ್ಮವರೂ ಗಡಿಯಾರಕ್ಕೆ ಕಾದವರೇ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಪರದೇಶದ ಗಡಿಯಾರಗಳು ಕದ್ದುಮುಚ್ಚಿ ಘಟ್ಟ ಹತ್ತುತ್ತಿದ್ದವು. ಗೋವೆ ಬಿಡುಗಡೆಯಾದ 1961ರಲ್ಲೇ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಗಡಿಯಾರ ಮಾಡತೊಡಗಿದರು. ಅದು ಕಾರ್ಖಾನೆಯ ಮಾಲು ನಿಜ. ಆದರೆ ದಿನವೂ ಕೀ ಕೊಡಬೇಕಾದ 'ಜನತಾ' ಗಡಿಯಾರಕ್ಕೆ ಜನ ಹೆಸರು ಬರೆಸಿ ಕಾಯುತ್ತಿದ್ದರು. (ವರನಿಗೆ ಗಡಿಯಾರ ಬಾರದೆ ಮದುವೆಯ ಮಾತು ನಿಂತದ್ದೂ ಉಂಟು. ಆ ಕಾಯುವಿಕೆಯನ್ನು ನಾವು ಹೊಗಳಲಾರೆವು.) ಕಾರ್ಖಾನೆ ಮುಚ್ಚುವ ಸುದ್ದಿ 2014ರಲ್ಲಿ ಬಂದಾಗ ಅಂಗಡಿಗಳ ಮುಂದೆ ಮತ್ತೆ ಸಾಲು ಹತ್ತಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿಗೆ ಕೊಟ್ಟೇ ಬಿಟ್ಟಿತು.

ಒಳ್ಳೆಯ ಕೆಲಸಕ್ಕೆ ಹೊತ್ತು ಬೇಕೆಂದು ಗಡಿಯಾರ ಕೊಳ್ಳುವವನಿಗೆ ಗೊತ್ತು. ಮಾಡುವವನ ಹೊತ್ತಿಗೂ ಸೇರಿಸಿಯೇ ಅವನು ಬೆಲೆ ಕೊಡುತ್ತಾನೆ. ಹಾಗಾದರೆ ನಮ್ಮ ತೋಟಗಳಲ್ಲಿ ಮಾತ್ರ ಯಾಕೆ ಬೇರೆ ಲೆಕ್ಕ? ಮಗುವಿಗೆ ಜ್ವರವೆಂದು ತಾಯಿಯೊಬ್ಬಳು ಹತ್ತು ನಿಮಿಷ ತಡವಾಗಿ ಬಂದರೆ ಅರ್ಧ ಹಾಜರಿ. ಅದೇ ತಾಯಿ ಸಂಜೆ ತೂಕ ಮುಗಿಯುವ ತನಕ ಒಂದು ತಾಸು ನಿಂತರೆ ಆ ತಾಸನ್ನು ಬರೆಯುವವರೇ ಇಲ್ಲ. ಮೇಸ್ತ್ರಿಯ ಗಡಿಯಾರ ಬೆಳಿಗ್ಗೆ ಓಡುತ್ತದೆ, ಸಂಜೆ ನಿಲ್ಲುತ್ತದೆ ಎಂದು ಲೈನ್ ಮನೆಯ ಹೆಂಗಸರು ನಗುವುದು ಸುಮ್ಮನೆ ಅಲ್ಲ.

ಚಹಾ, ಕಾಫಿ, ರಬ್ಬರು ಮೊದಲಾದ ತೋಟಗಳಿಗಾಗಿ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ ಇದನ್ನು ಆಗಲೇ ಕಂಡಿತ್ತು. ವಿಶ್ರಾಂತಿಯನ್ನೂ, ಕೆಲಸಕ್ಕಾಗಿ ಕಾದು ನಿಂತ ಹೊತ್ತನ್ನೂ ಸೇರಿಸಿ ದಿನವು 12 ತಾಸನ್ನು ಮೀರಕೂಡದು ಎಂದು ಅದರಲ್ಲಿತ್ತು. ಕಾಯುವುದೂ ಹೊತ್ತೇ ಎಂದು ಬರೆದವರು ಯಾರೋ, ಬಿಸಿಲಲ್ಲಿ ಸಾಲು ನಿಂತವರನ್ನು ಕಂಡಿದ್ದಿರಬೇಕು. ಗೋವೆಯ ಗೇರು ತೋಟ ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ನಮ್ಮ ಜನರ ಹಳೆಯ ಕೊರಗು.

ಈಗ ಎಲ್ಲರ ಮನೆಯಲ್ಲೂ ಮೊಬೈಲು ಇದೆ, ಅದರಲ್ಲಿ ಗಡಿಯಾರವೂ ಇದೆ. ಈ ತಿಂಗಳು ಹಾಜರಿಗೆ ಬಂದ ಹೊತ್ತು, ತೂಕಕ್ಕೆ ನಿಂತ ಹೊತ್ತು, ಬಿಟ್ಟ ಹೊತ್ತು, ಮೂರನ್ನೂ ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಓದು ಬರಹ ಬಾರದವರಿಗೆ ಪಕ್ಕದ ಮನೆಯ ಮಕ್ಕಳು ಬರೆದುಕೊಡಲಿ. ತಿಂಗಳ ಕೊನೆಯ ಭಾನುವಾರ ಆ ಪುಸ್ತಕಗಳನ್ನು ಕೂಟಕ್ಕೆ ತನ್ನಿ. ಒಟ್ಟಿಗೆ ಕುಳಿತು ಕೂಡಿಸೋಣ.