ಸಿಪಿಯು ಕುಡಿದ ಕಾಫಿ

ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಆನ್‌ಲೈನ್ ಅರ್ಜಿ ಎಲ್ಲಕ್ಕೂ ಊರಿನವರು ಅಲ್ಲಿಗೇ ಬರಬೇಕು. ನಿವೃತ್ತರೊಬ್ಬರು ಎಂಟು ತಿಂಗಳ ಕಾಲ ಕಂತು ಕಂತಾಗಿ ಬರೆದುಕೊಟ್ಟ ಊರಿನ ಇತಿಹಾಸ, 250 ಪುಟ, ಆ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಶನಿವಾರ ಸಂಜೆ ಕೆಲಸದ ಹುಡುಗ ಕಾಫಿ ಲೋಟವನ್ನು ಎಂದಿನಂತೆ ಸಿಪಿಯು ತಲೆಯ ಮೇಲಿಟ್ಟ. (ಇಡೀ ಡಬ್ಬಿಯನ್ನೇ ಸಿಪಿಯು ಎನ್ನುವುದು ನಮ್ಮಲ್ಲಿ ರೂಢಿ. ನಿಜವಾದ ಸಿಪಿಯು ಒಳಗಿರುವ ಬೆಂಕಿಪೊಟ್ಟಣದಷ್ಟು ಅಗಲದ ಬಿಲ್ಲೆ. ಇರಲಿ.) ಗಾಳಿಯಾಡಲೆಂದು ನೆತ್ತಿಯಲ್ಲಿ ಜಾಲರಿ ಇರುವ ಡಬ್ಬಿ ಅದು. ಲೋಟ ಉರುಳಿತು, ಪರದೆ ಕಪ್ಪಾಯಿತು.

ಅಂಗಡಿಯ ಒಡತಿ ಮೇಲೆಲ್ಲ ಒರೆಸಿ, ಇನ್ನೊಂದು ಸಲ ಆನ್ ಮಾಡಿ ನೋಡೋಣವೆಂದು ಕೈಚಾಚುವಷ್ಟರಲ್ಲಿ ಮೆಕ್ಯಾನಿಕ್ ಫೋನಿಗೆ ಸಿಕ್ಕ. 'ಅಕ್ಕಾ, ಬಟನ್ ಮುಟ್ಟಬೇಡಿ! ಹಿಂದಿನ ವೈರ್ ಕಿತ್ತುಹಾಕಿ.' ಗೋಡೆಯ ಸ್ವಿಚ್ ಆರಿಸಿದ್ದೇನೆ ಎಂದರು ಒಡತಿ. 'ಯುಪಿಎಸ್ ಇದೆಯಲ್ಲ ಅಕ್ಕಾ, ಅದು ಕರೆಂಟು ಕೊಡ್ತಾನೇ ಇರುತ್ತೆ. ವೈರನ್ನೇ ಕೀಳಿ.'

ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ರಿಪೇರಿ ಕೆಲಸ ಅದೇ.

ನೀರಿಗೂ ಕಂಪ್ಯೂಟರಿಗೂ ಹುಟ್ಟುವೈರವೇನಿಲ್ಲ. ಕಾರ್ಖಾನೆಗಳಲ್ಲಿ ಬೆಸುಗೆ ಮುಗಿದ ಅದೆಷ್ಟೋ ಬೋರ್ಡುಗಳನ್ನು ಶುದ್ಧೀಕರಿಸಿದ ನೀರಿನಲ್ಲಿಯೇ ತೊಳೆಯುತ್ತಾರೆ. ಅಪಾಯವಿರುವುದು ನೀರು, ಲವಣ, ವಿದ್ಯುತ್ತು ಮೂರೂ ಒಟ್ಟಿಗೆ ಸೇರಿದಾಗ. ಹೈಸ್ಕೂಲಿನ ಪ್ರಯೋಗವನ್ನು ನೆನಪಿಸಿಕೊಳ್ಳಿ: ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಎರಡು ತಾಮ್ರದ ಪಟ್ಟಿಗಳನ್ನು ಇಳಿಬಿಟ್ಟು ಬ್ಯಾಟರಿ ಜೋಡಿಸಿದರೆ ಧನಾಗ್ರ ಕರಗಿ ಸವೆಯುತ್ತದೆ, ಋಣಾಗ್ರಕ್ಕೆ ತಾಮ್ರ ಬಂದು ಮೆತ್ತಿಕೊಳ್ಳುತ್ತದೆ. ಮದರ್‌ಬೋರ್ಡಿನ ಮೇಲೂ ಇದೇ ಆಟ. ಅಲ್ಲಿ 12, 5 ಮತ್ತು 3.3 ವೋಲ್ಟಿನ ತಾಮ್ರದ ಗೆರೆಗಳು ಕೂದಲೆಳೆಯ ಅಂತರದಲ್ಲಿ ಓಡುತ್ತವೆ. ನಡುವೆ ಒಂದು ಹನಿ ಕಾಫಿ ಕುಳಿತರೆ ಒಂದು ಗೆರೆಯ ಲೋಹ ಕರಗಿ, ಇನ್ನೊಂದರ ಮೇಲೆ ಪಾಚಿಯ ಎಳೆಯಂತೆ ಬೆಳೆಯತೊಡಗುತ್ತದೆ. ಎಳೆ ಎರಡನ್ನೂ ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್. ಇದಕ್ಕೆ ದಿನಗಳು ಬೇಡ, ನಿಮಿಷಗಳು ಸಾಕು.

ಪರದೆ ಕಪ್ಪಾದ ಮಾತ್ರಕ್ಕೆ ವಿದ್ಯುತ್ತು ನಿಂತಿತೆಂದು ಭಾವಿಸಬೇಡಿ. 1995ರಲ್ಲಿ ಬಂದ ಎಟಿಎಕ್ಸ್ ವಿನ್ಯಾಸದಿಂದೀಚೆಗೆ, ವೈರ್ ಚುಚ್ಚಿರುವವರೆಗೂ, ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿದಾಕ್ಷಣ ಏಳಲು ಅದು ಬೇಕು. ವೈರ್ ಕಿತ್ತ ಮೇಲೂ ಇನ್ನೊಂದು ಉಳಿಯುತ್ತದೆ: ಗಡಿಯಾರ ನಡೆಸುವ ನಾಣ್ಯದಾಕಾರದ 3 ವೋಲ್ಟ್ ಸೆಲ್. ಅದನ್ನೂ ತೆಗೆಯಬೇಕು. ತೆಗೆದರೆ ದಿನಾಂಕ ತಪ್ಪುತ್ತದೆ, ಅಷ್ಟೆ. ಕಡತಗಳು ಎಲ್ಲಿಗೂ ಹೋಗುವುದಿಲ್ಲ. ಆದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಅದರೊಳಗೆ 230 ವೋಲ್ಟಿನ ಎಸಿ ಸುಮಾರು 325 ವೋಲ್ಟಿನ ಡಿಸಿ ಆಗುತ್ತದೆ, ವೈರ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಅದಕ್ಕೇ ಕಾಫಿ ಇಳಿದಿದ್ದರೆ ಹೊಸದು ಹಾಕಿಸುವುದು ಜಾಣತನ.

ಭಾನುವಾರ ಬೆಳಿಗ್ಗೆ ಬಂದ ಮೆಕ್ಯಾನಿಕ್ ಸೆಲ್ ತೆಗೆದು, ವೈರುಗಳ ಜೋಡಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಮೊದಲು ಕೈಹಾಕಿದ್ದು ಹಾರ್ಡ್ ಡಿಸ್ಕಿಗೆ. ಬೋರ್ಡು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, 250 ಪುಟ ಸಿಗುವುದಿಲ್ಲ. ಬಹುತೇಕ ಹಾರ್ಡ್ ಡಿಸ್ಕುಗಳ ಮೈಮೇಲೆ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸರಿದೂಗಲು ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಅದರ ಮೂಲಕ ದ್ರವ ಒಳಹೋಗಿರುವ ಶಂಕೆ ಇದ್ದರೆ ವಿದ್ಯುತ್ತು ಕೊಡದೆ ಮಾಹಿತಿ ಮರಳಿಸುವ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿನವರ ಕೈಚಳಕ ಸಾಮಾನ್ಯವಲ್ಲ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಛಿದ್ರವಾಯಿತಲ್ಲ, ಅದರಿಂದ ಉದುರಿ ಸುಟ್ಟು ಕರಕಲಾಗಿದ್ದ ಡಿಸ್ಕೊಂದರಿಂದಲೂ ಕ್ಸೆನಾನ್ ಅನಿಲದ ಪ್ರಯೋಗದ ಮಾಹಿತಿಯನ್ನು ಹೊರತೆಗೆದರು. 2008ರಲ್ಲಿ ಅದರ ಫಲಿತಾಂಶ ಪ್ರಕಟವೂ ಆಯಿತು. ಇಲ್ಲಿ ಅಷ್ಟೆಲ್ಲ ಬೇಕಾಗಲಿಲ್ಲ. ಕೆಳಗಿನ ಗೂಡಿನಲ್ಲಿದ್ದ ಡಿಸ್ಕಿನ ಅಂಚಿಗೆ ಎರಡು ಹನಿ ಸಿಡಿದಿತ್ತು, ರಂಧ್ರ ಒಣಗಿತ್ತು. ಒರೆಸಿ, ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಊರಿನ ಇತಿಹಾಸ ಪೂರ್ತಿಯಾಗಿ ಕಾಣಿಸಿತು. ಎರಡು ಪೆನ್‌ಡ್ರೈವುಗಳಿಗೆ ಅದನ್ನು ಇಳಿಸಿಕೊಂಡ ಮೇಲೆಯೇ ಒಡತಿ ಊಟಕ್ಕೆದ್ದದ್ದು.

ಇನ್ನು ಬೋರ್ಡು. ಒಣಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬರೀ ನೀರಾಗಿದ್ದರೆ ಸಾಲಬಹುದಿತ್ತೇನೋ, ಕೊಳವೆಬಾವಿಯ ಗಡಸು ನೀರಾದರೆ ಅದೂ ಅನುಮಾನ. ಕಾಫಿಯಲ್ಲಿ ನೀರು ಆರಿಹೋಗುತ್ತದೆ. ಸಕ್ಕರೆ, ಹಾಲಿನ ಕೊಬ್ಬು, ಲವಣ ಅಲ್ಲೇ ಕೂರುತ್ತವೆ. ಮಳೆಗಾಲ ಬಂದಾಗ ಆ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ದ್ರಾವಣವಾಗುತ್ತದೆ. ಏಪ್ರಿಲಿನಲ್ಲಿ 'ಸರಿಯಾದ' ಯಂತ್ರ ಜುಲೈಯಲ್ಲಿ ಸಾಯುವುದು ಹೀಗೆ. ಎಳನೀರು ಚೆಲ್ಲಿದರಂತೂ ಕೇಳಲೇಬೇಡಿ, ಅದು ಪೊಟ್ಯಾಸಿಯಂ ಲವಣಗಳ ಭಂಡಾರ.

ಹಾಗಾಗಿ ತೊಳೆಯಲೇಬೇಕು. ಅನೇಕರು ನೇರವಾಗಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜುತ್ತಾರೆ. ಸಕ್ಕರೆ ಅದರಲ್ಲಿ ಕರಗುವುದೇ ಇಲ್ಲವೆನ್ನಬೇಕು! ಸಕ್ಕರೆಗೆ, ಲವಣಕ್ಕೆ ನೀರೇ ಆಗಬೇಕು, ಆದರೆ ನಲ್ಲಿಯದಲ್ಲ. ವಾಹನಗಳ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. (ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಚೀಟಿ ಓದಿ ಕೊಳ್ಳಿ.) ಪ್ರೊಸೆಸರ್, ರ‍್ಯಾಮ್, ಸೆಲ್ ಎಲ್ಲ ತೆಗೆದಿಟ್ಟು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಈ ನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ 99 ಶೇಕಡಾ ಶುದ್ಧತೆಯ ಆಲ್ಕೊಹಾಲಿನಲ್ಲಿ ಜಾಲಿಸಬೇಕು. ಅದು ಚಿಪ್ಪುಗಳ ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನು ಹೊರಗೆಳೆದು ತಾನೂ ಬೇಗ ಆರುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ ಕೂಡ, ಒಲೆಯ ಬಳಿ ಬೇಡ. ಬಳಿಕ ಎರಡು ದಿನ ಟೇಬಲ್ ಫ್ಯಾನಿನ ಗಾಳಿ. ಜುಲೈಯ ಮಲೆನಾಡಾದರೆ ಇನ್ನೆರಡು ದಿನ ಸೇರಿಸಿ. ಕೂದಲು ಒಣಗಿಸುವ ಬಿಸಿ ಯಂತ್ರ ಹನಿಯನ್ನು ಇನ್ನಷ್ಟು ಸಂದಿಗೆ ತಳ್ಳುತ್ತದೆ. ಅಕ್ಕಿಮೂಟೆಯ ಉಪಾಯ ಬೇಡವೆಂದು 2024ರಲ್ಲಿ ಆಪಲ್ ಕಂಪನಿಯೇ ತನ್ನ ಫೋನುಗಳ ಬಳಕೆದಾರರಿಗೆ ತಿಳಿಸಿತು.

ಬುಧವಾರ ಪರೀಕ್ಷೆ. ಎಲ್ಲವನ್ನೂ ಒಮ್ಮೆಗೇ ಜೋಡಿಸುವುದು ತಪ್ಪು. ದೋಷ ಎಲ್ಲಿದೆಯೆಂದು ತಿಳಿಯುವುದೇ ಇಲ್ಲ. ಬೇರೆ ಎಸ್‌ಎಂಪಿಎಸ್, ಬೋರ್ಡು, ಪ್ರೊಸೆಸರ್, ಒಂದೇ ಒಂದು ರ‍್ಯಾಮ್. ಫ್ಯಾನ್ ತಿರುಗಿತು, ಪರದೆ ಏಳಲಿಲ್ಲ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಊದಿ, ಪಕ್ಕದ ಸ್ಲಾಟಿಗೆ ಹಾಕಿದಾಗ ಎದ್ದಿತು. ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ 1ನ್ನು ತೋರಿಸುತ್ತಿತ್ತು. ಅನಂತರ ಒಂದೊಂದಾಗಿ ಉಳಿದವು.

ಕಾಫಿ ಹರಿದು ನಿಂತಿದ್ದ ಕೆಳಮೂಲೆಯಲ್ಲಿ ಮಾತ್ರ ಹಸಿರು ಕಲೆ ಇತ್ತು, ಧ್ವನಿಯ ಚಿಪ್ಪಿನ ಎರಡು ಕಾಲು ಸವೆದುಹೋಗಿದ್ದವು. ಫೋನ್ ಸಿಗುವವರೆಗಿನ ಐದು ನಿಮಿಷದ ಕೆಲಸ ಅದು. ಸ್ಪೀಕರಿನಿಂದ ಸದ್ದು ಹೊರಡಲಿಲ್ಲ. ಡಿಟಿಪಿಗೆ ಸದ್ದೇಕೆ ಎಂದು ಒಡತಿ ಹಾಗೇ ಬಿಟ್ಟಿದ್ದಾರೆ.